ಗಾಣದ ಕೋಣೆಯಲ್ಲಿದ್ದ ಮಾಮಾ

ಗಡಿಭಾಗದ ಸೊರಡಿಯಲ್ಲಿದ್ದ ನಮ್ಮ ಮನೆಯಲ್ಲಿ ಗಾಣ ನಿಂತು ವರ್ಷಗಳೇ ಕಳೆದಿದ್ದರೂ ಕುಸುಬಿ ಎಣ್ಣೆಯ ವಾಸನೆ ಹೋಗಿರಲಿಲ್ಲ. ಜತ್ತದಲ್ಲಿ ಎಣ್ಣೆಯ ಗಿರಣಿ ಬಂದ ಮೇಲೆ ಅಪ್ಪ ಎತ್ತು ಮಾರಿ ಕಾಳುಕಡಿಯ ವ್ಯಾಪಾರಕ್ಕೆ ಇಳಿದಿದ್ದ. ಗಾಣದ ಕಲ್ಲನ್ನು ಮಾತ್ರ ಯಾರಿಂದಲೂ ಎತ್ತಲಾಗದೆ ಅದು ಅಲ್ಲೇ ಉಳಿದಿತ್ತು. ಮನೆ ದೊಡ್ಡದೇನಲ್ಲ. ಮುಂದೆ ಕಟ್ಟೆ, ಒಳಗೆ ಪಡಸಾಲೆ, ಅದರ ಎಡಕ್ಕೆ ದೇವರ ಕೋಣೆ, ಹಿಂದೆ ಅಡಿಗೆಮನೆ, ಬಲಕ್ಕೆ ಈ ಗಾಣದ ಕೋಣೆ. ಎತ್ತು ತಿರುಗಿ ತಿರುಗಿ ಅದರ ನೆಲದಲ್ಲಿ ದುಂಡಗೆ ದಾರಿ ಬಿದ್ದಿತ್ತು. ಇದ್ದದ್ದು ಒಂದೇ ಕಿಟಕಿ, ಅದೂ ಕೈಗೆಟುಕದ ಎತ್ತರದಲ್ಲಿ. ಬಾಗಿಲಿಗೆ ಒಳಗೆ ಅಗಳಿ ಇರಲಿಲ್ಲ, ಹೊರಗಡೆ ಕಬ್ಬಿಣದ ಚಿಲಕ ಇತ್ತು. ಎತ್ತಿಗೆ ಒಳಗಿನ ಅಗಳಿ ಯಾಕೆ ಬೇಕು ಹೇಳಿ? ನಾನು ಮೂವತ್ತು ವರ್ಷ ಅಪರಾಧಶಾಸ್ತ್ರ ಕಲಿಸಿದವಳು. ವಿದ್ಯಾರ್ಥಿಗಳು “ಮೇಡಂ, ನೀವು ಇದನ್ನೆಲ್ಲ ಎಲ್ಲಿ ಕಲಿತಿರಿ” ಎಂದು ಕೇಳಿದಾಗ ಮರ್ಯಾದೆಯಿಂದ ವಿಶ್ವವಿದ್ಯಾಲಯದ ಹೆಸರು ಹೇಳುತ್ತಿದ್ದೆ. ಈಗ ನಿವೃತ್ತಳಾಗಿದ್ದೇನೆ, ಯಾರ ಮುಲಾಜೂ ಇಲ್ಲ. ಆ ಗಾಣದ ಕೋಣೆಯಲ್ಲಿ ಕಲಿತೆ. ವಿಶ್ವವಿದ್ಯಾಲಯ ಅದಕ್ಕೊಂದು ಸರ್ಟಿಫಿಕೇಟು ಕೊಟ್ಟಿತು, ಅಷ್ಟೇ.

ಸಿದ್ರಾಮ ಮಾಮಾ ನಮ್ಮ ಮನೆಗೆ ಬಂದಾಗ ನನಗೆ ಹನ್ನೊಂದು ವರ್ಷ. ಅವನು ಅವ್ವನ ಒಬ್ಬನೇ ತಮ್ಮ. ನಾನು ತೊಟ್ಟಿಲಲ್ಲಿದ್ದಾಗ ಜೈಲಿಗೆ ಹೋದವನು, ಹತ್ತು ವರ್ಷ ಕಳೆದು ಬಿಡುಗಡೆಯಾಗಿದ್ದ. ಅಷ್ಟರಲ್ಲಿ ಅವ್ವನ ತವರಿನಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡು ಮನೆಗೆ ಬೀಗ ಬಿದ್ದಿತ್ತು. ಅವ್ವ ಯಾರಿಗೂ ಹೇಳದೆ ಎಸ್‌ಟಿ ಬಸ್ಸು ಹತ್ತಿ ಹೋಗಿ ಜೈಲಿನ ಬಾಗಿಲಿನಿಂದಲೇ ತಮ್ಮನನ್ನು ಕರೆತಂದಳು. ಮಧ್ಯಾಹ್ನ ನಾನು ಸಾಲೆಯಿಂದ ಬಂದು ನೋಡಿದರೆ ಕಟ್ಟೆಯ ಮೇಲೆ ತಲೆಗೂದಲು ಸಣ್ಣಗೆ ಕತ್ತರಿಸಿದ ಒಬ್ಬ ಸಣಕಲು ಮನುಷ್ಯ ಕುಕ್ಕರಗಾಲಲ್ಲಿ ಕುಳಿತಿದ್ದ. ಒಳಗೆ ಅಪ್ಪನ ತಾಯಿ, ನಮ್ಮ ಆಯಿ, ಓಣಿಗೆಲ್ಲ ಕೇಳುವಂತೆ ಕೂಗಾಡುತ್ತಿದ್ದಳು.

“ಗುಡ್ಡಾಪುರದ ದಾನಮ್ಮನ ಆಣಿ ಮಾಡಿ ಹೇಳ್ತೀನಿ, ಅಂವಾ ಒಳಗ ಬಂದ್ರ ನಾ ಹೊರಗ ಹೋಗ್ತೀನಿ! ಕಸ್ತೂರಿಗಿ ಹದಿನೆಂಟ ತುಂಬ್ಯಾವು. ವರಾ ನೋಡೂ ವ್ಯಾಳೇದಾಗ ಜೇಲಿನಾಂವನ್ನ ತಂದ ಕುಂದ್ರಸೀದಿಯಲ್ಲ, ನಿನಗ ಬುದ್ಧಿ ಐತೇನ?”

“ಒಳಗ ಬ್ಯಾಡಂದ್ರ ಗಾಣದ ಖೋಲ್ಯಾಗ ಇರ್ತಾನ್ರಿ ಅತ್ತಿ. ಎತ್ತ ಇದ್ದ ಜಾಗಾದಾಗ ನನ್ನ ತಮ್ಮ ಇರಬಾರ್ದೇನು?”

ಕಸ್ತೂರಿ ಎಂದರೆ ನನ್ನ ಅಕ್ಕ. ಅವ್ವ ಅತ್ತೆಗೆ ಎದುರಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ಅಪ್ಪ ಸಂಜೆ ಬಂದ, ಎರಡೂ ಕಡೆಯ ಮಾತು ಕೇಳಿದ, ತಲೆ ಕೆರೆದುಕೊಂಡ. ಕೆಟ್ಟವನಲ್ಲ ನಮ್ಮಪ್ಪ, ಊರಿನ ಬಾಯಿಗೆ ಹೆದರುವವನು. “ಇರ್ಲಿ, ಸ್ವಲ್ಪ ದಿವಸ” ಎಂದ. ಹಾಗೆ ಗಾಣದ ಕೋಣೆಯ ಹಿಂಡಿಯ ಚೀಲಗಳನ್ನು ಒಂದು ಮೂಲೆಗೆ ಸರಿಸಿ ಮಾಮಾನಿಗೆ ಒಂದು ಕೌದಿ ಹಾಸಿಕೊಟ್ಟರು. ಆಯಿ ಮನೆ ಬಿಟ್ಟು ಹೋಗಲಿಲ್ಲ, ಆದರೆ ಅವನ ಕೈಯಿಂದ ಒಂದು ಲೋಟ ನೀರೂ ತೆಗೆದುಕೊಳ್ಳಲಿಲ್ಲ.

ಮಾಮಾ ಏನು ಮಾಡಿ ಜೈಲಿಗೆ ಹೋಗಿದ್ದ ಎಂದು ನೀವು ಕೇಳುತ್ತಿರುತ್ತೀರಿ. ನಾನು ಬರೆಯುವುದಿಲ್ಲ. ನ್ಯಾಯಾಧೀಶರು ಕೇಳಿದ್ದರು, ಶಿಕ್ಷೆ ಕೊಟ್ಟಿದ್ದರು, ಅವನು ಅದನ್ನು ಪೂರಾ ಅನುಭವಿಸಿ ಬಂದಿದ್ದ. ಅದರ ಮೇಲೆ ಓಣಿಯವರದೊಂದು ಶಿಕ್ಷೆ, ಬೀಗರದೊಂದು ಶಿಕ್ಷೆ, ಈಗ ಪುಸ್ತಕ ಓದುವವರದು ಇನ್ನೊಂದು ಯಾಕೆ? ನನ್ನ ಹಿತೈಷಿ ಒಬ್ಬರು ಹಸ್ತಪ್ರತಿ ಓದಿ, “ಅಪರಾಧ ಹೇಳದಿದ್ದರೆ ಓದುಗರಿಗೆ ಅವನ ಮೇಲೆ ಕನಿಕರ ಹುಟ್ಟುವುದು ಕಷ್ಟ” ಎಂದರು. ಯಾರಿಗೆ ಬೇಕಾಗಿದೆ ಕನಿಕರ? ಅಪರಾಧದ ಗಾತ್ರ ನೋಡಿ ಕನಿಕರ ಅಳೆದು ಕೊಡುವುದಾದರೆ ಅದು ನನಗೆ ಬೇಡವೇ ಬೇಡ.

ಮಾಮಾನ ನಡವಳಿಕೆ ನಮಗೆ ಮೊದಮೊದಲು ಏನೂ ತಿಳಿಯುತ್ತಿರಲಿಲ್ಲ. ಮುಚ್ಚಿದ ಬಾಗಿಲು ಎದುರಾದರೆ ಅದನ್ನು ದೂಡುತ್ತಿರಲಿಲ್ಲ, ಎರಡು ಹೆಜ್ಜೆ ಹಿಂದೆ ಸರಿದು ಸುಮ್ಮನೆ ನಿಂತುಬಿಡುತ್ತಿದ್ದ. “ಸೊಕ್ಕ ನೋಡ ಅವನ್ದು, ಬಾಗಲಾ ತಗ್ಯಾಕ ಆಳ ಬೇಕು” ಎಂದು ಆಯಿ ಬೈಯುತ್ತಿದ್ದಳು. ಒಂದು ದಿನ ಹಿತ್ತಲ ಬಾಗಿಲ ಮುಂದೆ ಅವನು ನಿಂತದ್ದನ್ನು ನಾನು ಎಷ್ಟೋ ಹೊತ್ತು ಮರೆಯಿಂದ ನೋಡಿದೆ. ಮುಖದಲ್ಲಿ ಸೊಕ್ಕೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಎಸ್‌ಟಿಗೆ ಕಾಯುವವರ ಹಾಗೆ ಕಾಯುತ್ತಿದ್ದ. ಹತ್ತು ವರ್ಷ ಒಂದೂ ಬಾಗಿಲನ್ನು ತನ್ನ ಕೈಯಿಂದ ತೆಗೆಯದವನಿಗೆ ಬಾಗಿಲು ತೆಗೆಯುವುದು ಮರೆತೇ ಹೋಗುತ್ತದೆ ಎಂದು ನನಗೆ ತಿಳಿದದ್ದು ಆ ಹಿತ್ತಲಲ್ಲಿ. ಊಟಕ್ಕೆ ಕುಳಿತರೆ ತಾಟಿನ ಸುತ್ತ ಎಡಗೈ ಬಳಸಿ ಗಬಗಬನೆ ಮುಗಿಸುತ್ತಿದ್ದ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಕೌದಿಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ, ಎತ್ತು ತಿರುಗಿದ ದಾರಿಯಲ್ಲೇ ಸುತ್ತು ಹೊಡೆಯುತ್ತಿದ್ದ.

ಜೈಲಿನಲ್ಲಿ ಅವನದು ಅಡಿಗೆಯ ಕೆಲಸ. ಅವ್ವನಿಗೆ ಒಮ್ಮೆ ಜ್ವರ ಬಂದು ಮಲಗಿದಾಗ ಯಾರೂ ಹೇಳದೆಯೇ ಒಲೆ ಹೊತ್ತಿಸಿದ. ಅಯ್ಯೋ, ಅವತ್ತಿನ ಗಲಾಟೆ! ಇನ್ನೂರು ಜನರಿಗೆ ಬೇಯಿಸಿದ ಕೈಗೆ ಐದಾರು ಜನರ ಅಳತೆ ಹೇಗೆ ಹತ್ತಬೇಕು? ಮನೆಯಲ್ಲಿದ್ದ ಬೇಳೆಯೆಲ್ಲ ಸುರಿದಿದ್ದ. ದೊಡ್ಡ ಹಂಡೆ ತುಂಬಿ ಉಕ್ಕಿ ಒಲೆಯೇ ಆರಿಹೋಗಿತ್ತು. ಚಪಾತಿಗಳು ಅಚ್ಚಿನಲ್ಲಿ ಒತ್ತಿದಂತೆ ಒಂದೇ ಅಳತೆಯವು, ಸಾಲಾಗಿ ಎತ್ತರಕ್ಕೆ ಏರಿದ್ದವು. ಆಯಿ ಹಣೆ ಬಡಿದುಕೊಂಡಳು. ಅವ್ವ ಜ್ವರದಲ್ಲೇ ಎದ್ದು ಬಂದು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಾಮಾ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಾನು ಮತ್ತು ಅಕ್ಕ ಓಣಿಯ ಮನೆಮನೆಗೂ ಬೇಳೆ ಹಂಚಿ ಬಂದೆವು. ಪಕ್ಕದ ಮನೆಯ ಹುಸೇನಬೀ ಮಾತ್ರ ಮತ್ತೆ ಪಾತ್ರೆ ಹಿಡಿದು ಬಂದಳು.

“ಸಿದ್ರಾಮ ಭಾಯಿ, ನಿಮ್ಮ ಕೈಯಾಗ ಬರಕತ್ ಐತಿ ನೋಡ್ರಿ. ಇನ್ನಷ್ಟ ಹಾಕ್ರಿ.”

ಆದರೆ ಎಲ್ಲಕ್ಕಿಂತ ವಿಚಿತ್ರವಾದದ್ದು ಅವನ ‘ಹೂಂ’. ಏನು ಕೇಳಿದರೂ ಹೂಂ. ಊಟ ಆಯಿತೇ, ಹೂಂ. ಆಗಿರುತ್ತಿರಲಿಲ್ಲ. ಚಳಿ ಇಲ್ಲವಲ್ಲ, ಹೂಂ. ಮೈ ನಡುಗುತ್ತಿರುತ್ತಿತ್ತು. ಇದು ತಿಳಿದ ಮೇಲೆ ನನಗೂ ಅಕ್ಕನಿಗೂ ಅದೊಂದು ಆಟವಾಯಿತು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

“ಮಾಮಾ, ನಮ್ಮ ಬೆಕ್ಕ ದಿನಾ ಎರಡ ಶೇರ ಹಾಲ ಕರೀತೈತಿ, ಹೌದಲ್ಲ?”

“ಹೂಂ.”

ನಾವಿಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅವನೂ ಸ್ವಲ್ಪ ನಗುತ್ತಿದ್ದ. ಹಾಗೆ ನಗುವಾಗಲೂ ಅವನ ಕಣ್ಣು ನಮ್ಮ ಮುಖದ ಮೇಲೇ ಇರುತ್ತಿತ್ತು, ತನ್ನ ಉತ್ತರ ಸರಿಯಾಯಿತೋ ಇಲ್ಲವೋ ಎಂದು ನೋಡುತ್ತಿತ್ತು. ಹನ್ನೊಂದು ವರ್ಷದ ಹುಡುಗಿಗೆ ಹೆದರುವ ದೊಡ್ಡ ಮನುಷ್ಯನನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅದು ಹೊಳೆದ ದಿನದಿಂದ ನಾನು ಆ ಆಟ ಬಿಟ್ಟೆ.

ಮುಂದೆ ಎಷ್ಟೋ ವರ್ಷದ ಮೇಲೆ, ಗಡಿಭಾಗದ ಕನ್ನಡದ ಕೈದಿಗಳಿಗೆ ಅಕ್ಷರ ಕಲಿಸಲು ನಾನು ಒಂದು ಜೈಲಿಗೆ ಹೋಗತೊಡಗಿದೆ. ಅಲ್ಲಿಂದಲೇ ನನ್ನ ಸಂಶೋಧನೆಯೂ ಶುರುವಾಯಿತು. ಮಾರ್ಗದರ್ಶಕರು ಪ್ರಶ್ನಾವಳಿಯೊಂದನ್ನು ಕೊಟ್ಟು ಕಳಿಸಿದ್ದರು. ಊಟ ಸರಿ ಇದೆಯೇ, ವೈದ್ಯರು ನೋಡುತ್ತಾರೆಯೇ, ಇಲ್ಲಿ ಬಂದು ಸುಧಾರಿಸಿದ್ದೀರಾ, ಹೌದು ಅಥವಾ ಇಲ್ಲ ಎನ್ನಿ. ಎಲ್ಲರೂ ಹೌದು ಎಂದರು. ಒಬ್ಬರ ನಂತರ ಒಬ್ಬರು, ಕುಕ್ಕರಗಾಲಲ್ಲಿ ಕುಳಿತು, ನನ್ನ ಮುಖ ನೋಡುತ್ತ, ಹೂಂ ಬಾಯಿ, ಹೂಂ ಬಾಯಿ. ಬಾಯಿ ಎಂದರೆ ಅಲ್ಲಿ ಮೇಡಂ. ನನ್ನ ಮೈ ಉರಿಯಿತು. ಮರುವಾರ ನಾನೇ ಒಂದು ಪ್ರಶ್ನೆ ಸೇರಿಸಿದೆ: ‘ನಿಮ್ಮ ಬ್ಯಾರಕಿನಲ್ಲಿ ಆನೆ ಇದೆಯೇ?’ ಬಹಳ ಜನ ಅದಕ್ಕೂ ಹೌದು ಎಂದರು. ಮಾರ್ಗದರ್ಶಕರು ಕಾಗದ ನೋಡಿ ಕೆಂಡವಾದರು.

“ಇದು ಸಂಶೋಧನೆಯಲ್ಲ, ಚೇಷ್ಟೆ. ಈ ಪ್ರಶ್ನೆಯನ್ನು ತೆಗೆದುಹಾಕಿ.”

“ಸರ್, ಆ ಪ್ರಶ್ನೆಯೊಂದನ್ನು ಇಟ್ಟುಕೊಳ್ಳಿ. ಉಳಿದವನ್ನು ತೆಗೆದುಹಾಕಿ.”

ಎರಡು ವರ್ಷ ಅವರು ನನ್ನ ಪ್ರಬಂಧಕ್ಕೆ ಸಹಿ ಹಾಕಲಿಲ್ಲ. ಹಾಕದಿದ್ದರೆ ಇಲ್ಲ, ನಾನು ಬೇರೆ ಮಾರ್ಗದರ್ಶಕರನ್ನು ಹುಡುಕಿಕೊಂಡೆ. ಜೈಲಿನೊಳಗಿನ ‘ಹೌದು’ ಹೌದಲ್ಲ ಎಂಬ ಒಂದು ಮಾತನ್ನು ನಾನು ಜೀವನವಿಡೀ ಹೇಳಿದ್ದೇನೆ, ಹೇಳಿ ಬೈಸಿಕೊಂಡಿದ್ದೇನೆ. ಎಲ್ಲ ಬೈಗುಳವೂ ಸೇರಿ ನಮ್ಮ ಆಯಿಯ ಒಂದು ಮುಂಜಾನೆಯ ಬೈಗುಳಕ್ಕೆ ಸಮವಾಗುವುದಿಲ್ಲ ಬಿಡಿ.

ಈಗ ಅಕ್ಕನ ಸಾಕರಪುಡಾದ ಮಾತಿಗೆ ಬರುತ್ತೇನೆ. ಮದುವೆಯ ನಿಶ್ಚಯಕ್ಕೆ ನಮ್ಮ ಕಡೆ ಮರಾಠಿಯ ಆ ಹೆಸರೇ ನಡೆಯುತ್ತದೆ. ಮಾಮಾ ಬಂದ ಏಳೆಂಟು ತಿಂಗಳಿಗೆ ಡಫಳಾಪುರದ ಒಂದು ಮನೆತನ ಅಕ್ಕನನ್ನು ಒಪ್ಪಿತು. ಅಕ್ಕನಿಗೂ ಹುಡುಗ ಮನಸ್ಸಿಗೆ ಬಂದಿದ್ದ. ಅವನ ಹೆಸರು ಬಂದರೆ ಸಾಕು, ಅವಳು ಕಸಬರಿಗೆ ಹಿಡಿದು ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದಳು. ತೊಡಕಿದ್ದದ್ದು ಒಂದೇ ಕಡೆ. ನಮ್ಮಲ್ಲಿ ಹುಡುಗಿಯನ್ನು ದೇವರ ಕೋಣೆಯಿಂದ ಕೈ ಹಿಡಿದು ಕರೆತಂದು ಮಣೆಯ ಮೇಲೆ ಕೂರಿಸುವವನು ಸೋದರಮಾವ. ಅಪ್ಪನೂ ಅಲ್ಲ, ಅಣ್ಣನೂ ಅಲ್ಲ. ಮಾಮಾ ಕೈ ಹಿಡಿಯದೆ ಹುಡುಗಿ ಆ ಹೊಸ್ತಿಲು ದಾಟುವಂತಿಲ್ಲ. ಅಪ್ಪ ಡಫಳಾಪುರದವರಿಗೆ ಏನು ಹೇಳಿದ್ದ ಗೊತ್ತೇ? ಹುಡುಗಿಗೆ ಇರುವುದು ಒಬ್ಬನೇ ಮಾಮಾ, ಜತ್ತದ ಕಚೇರಿಯಲ್ಲಿ ಕಾರಕೂನ, ಹೆಸರು ಬಸಣ್ಣ ಎಂದು. ಈ ಬಸಣ್ಣ ಅವ್ವನಿಗೆ ಎಲ್ಲೋ ಮೂರು ಮನೆ ಸುತ್ತಿ ಬಂದು ಅಣ್ಣನಾಗಬೇಕಾದವನು. ಅವನು ನಮ್ಮ ಮನೆಗೆ ಬಂದದ್ದನ್ನೇ ನಾನು ನೋಡಿರಲಿಲ್ಲ. ಬಂಗಾರದ ಬಣ್ಣದ ಕಟ್ಟಿನ ಚಷ್ಮಾ, ಇಸ್ತ್ರಿಯ ಧೋತರ, ಬೀಗರ ಎದುರು ನಿಲ್ಲಿಸಲು ಹೇಳಿ ಮಾಡಿಸಿದಂತಿದ್ದ.

ಸಾಕರಪುಡಾದ ಹಿಂದಿನ ದಿನ ಅಪ್ಪ ಮಾಮಾನನ್ನು ಪಡಸಾಲೆಗೆ ಕರೆಸಿದ. ಅಕ್ಕನ ಗಂಡನನ್ನು ನಮ್ಮ ಕಡೆ ದಾಜಿ ಎನ್ನುತ್ತಾರೆ. ಮಾಮಾ ಅಪ್ಪನನ್ನು ಹಾಗೇ ಕರೆಯುತ್ತಿದ್ದ, ಆದರೆ ಎದುರು ಕೂರುತ್ತಿರಲಿಲ್ಲ.

“ಸಿದ್ರಾಮ, ನಾಳೆ ಬೀಗರು ಬರ್ತಾರ. ಅವ್ರು ಹೋಗೂ ತನಕಾ ನೀ ಗಾಣದ ಖೋಲ್ಯಾಗ ಇರು. ಕಸ್ತೂರಿ ಕೈ ಬಸಣ್ಣ ಹಿಡೀತಾನ. ಅಕೀ ಚಲೋದಕ್ಕ ಅಲ್ಲೇನು? ನಡೀತೈತಲ್ಲ ನಿನಗ?”

“ಹೂಂ ದಾಜಿ.”

“ನೋಡು, ಅಂವಾ ತಾನ ಒಪ್ಪಿದ” ಎಂದು ಅಪ್ಪ ಅವ್ವನ ಕಡೆ ತಿರುಗಿ ಹೇಳಿದ. ಅವ್ವ ಎದ್ದು ಅಡಿಗೆಮನೆಗೆ ಹೋದಳು. ಮರುದಿನ ನಸುಕಿನಲ್ಲೇ ಮಾಮಾ ಹೋಳಿಗೆಗೆ ಕಣಕ ನಾದಿದ, ಹೂರಣ ರುಬ್ಬಿದ. ನಲವತ್ತು ಐವತ್ತು ಜನರ ಅಡಿಗೆ ಅವತ್ತು. ನಮ್ಮ ಮನೆಗೆ ಬಂದ ಮೇಲೆ ಅವನ ಕೈಗೆ ಒಗ್ಗುವ ಅಳತೆಯ ಕೆಲಸ ಅದೊಂದೇ ಸಿಕ್ಕಿತ್ತು, ಖುಷಿಯಿಂದ ಮಾಡಿದ. ಡಫಳಾಪುರದ ಜೀಪು ಊರ ಹೊರಗೆ ಕಂಡಿತೆಂದು ಯಾರೋ ಕೂಗಿದರು. ಮಾಮಾ ಕೈ ತೊಳೆದುಕೊಂಡು ಗಾಣದ ಕೋಣೆಗೆ ಹೋದ. ಬಂದವರಲ್ಲಿ ಯಾರಾದರೂ ತಪ್ಪಿ ಆ ಬಾಗಿಲು ದೂಡಿಯಾರು ಎಂದು ಆಯಿ ನನಗೆ ಹೇಳಿದಳು:

“ನೀಲಾ, ಲಗೂನ ಹೊರಗಿಂದ ಚಿಲಕಾ ಹಾಕ್ಕೊಂಡ ಬಾ.”

ಹೋದೆ. ಮಾಮಾ ಬಾಗಿಲಿನಿಂದ ಮೂರು ಹೆಜ್ಜೆ ಹಿಂದೆ ಸರಿದು, ಕೈ ಕೆಳಗೆ ಬಿಟ್ಟುಕೊಂಡು ನೆಟ್ಟಗೆ ನಿಂತಿದ್ದ.

“ಹಾಕ್ಲೇನ ಮಾಮಾ?”

“ಹೂಂ.”

ಹಾಕಿದೆ. ಹೌದು, ನಾನೇ ಹಾಕಿದೆ. ನನ್ನ ಬಗ್ಗೆ ಎಷ್ಟೋ ಲೇಖನ ಬರೆದವರು, ಜೈಲುಗಳ ವಿರುದ್ಧ ಮಾತಾಡುವ ಧೈರ್ಯದ ಹೆಂಗಸು ಎಂದು ಹೊಗಳಿದವರು, ಇದನ್ನೂ ಬರೆದುಕೊಳ್ಳಲಿ. ಮನುಷ್ಯನೊಬ್ಬನನ್ನು ಒಳಗೆ ಹಾಕಿ ಚಿಲಕ ಎಳೆಯುವುದು ಎಷ್ಟು ಸುಲಭ ಎಂದು ನನಗೆ ಯಾವ ಅಧಿಕಾರಿಯೂ ಕಲಿಸಬೇಕಾಗಿಲ್ಲ. ಅವನೇ ಒಪ್ಪಿದ್ದಾನೆ ಎಂದುಕೊಂಡರೆ ಇನ್ನೂ ಸುಲಭ.

ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ವರನ ತಂದೆ, ಅವರ ಅಣ್ಣತಮ್ಮಂದಿರು, ಹೆಂಗಸರು ಕೂತಿದ್ದರು. ಕುಂಕುಮ ಆಯಿತು, ಚಹಾ ಆಯಿತು. ಶಾಸ್ತ್ರ ಮಾಡಿಸುವ ಅಯ್ಯನವರು ಮಣೆಯ ಮುಂದೆ ಅಕ್ಕಿ ಹಾಕಿ, ಎಲ್ಲರಿಗೂ ಕೇಳುವಂತೆ ಕರೆದರು:

“ಹುಡುಗಿ ಮಾಮಾ ಎಲ್ಲೆ ಅದಾರ? ಹುಡುಗಿ ಮಾಮಾ ಬರ್ರಿ!”

“ಬಂದೆ, ಬಂದೆ” ಎಂದು ಬಸಣ್ಣ ಧೋತರದ ಚುಂಗು ಹಿಡಿದು ಎದ್ದ. ದೇವರ ಕೋಣೆಯ ಹೊಸ್ತಿಲಲ್ಲಿ ಅಕ್ಕ ಹಸಿರು ಸೀರೆಯುಟ್ಟು ತಲೆ ಬಾಗಿಸಿ ನಿಂತಿದ್ದಳು. ಬಸಣ್ಣ ಕೈ ಚಾಚಿದ. ಆ ಕೈಯಲ್ಲಿ ಉಂಗುರವಿತ್ತು, ಹಿಟ್ಟಿನ ಕಲೆಯಿರಲಿಲ್ಲ. ಹುಡುಗಿಗೆ ಮುಂದಾಗುವುದು ಗೊತ್ತಿರಲಿಲ್ಲ, ಮಕ್ಕಳ ಬಾಯಿ, ತಪ್ಪಿ ಬಂತು ಎಂದು ನನ್ನ ಪರವಾಗಿ ವಾದಿಸುವವರಿದ್ದಾರೆ. ಬೇಡ ಆ ವಾದ. ನನಗೆ ಗೊತ್ತಿತ್ತು. ಗೊತ್ತಿದ್ದೇ ಎದ್ದು ನಿಂತೆ.

“ಇಂವಾ ನಮ್ಮ ಮಾಮಾ ಅಲ್ಲ! ನಮ್ಮ ಮಾಮಾ ಗಾಣದ ಖೋಲ್ಯಾಗ ಅದಾನ. ಚಿಲಕಾ ನಾನ ಹಾಕೇನಿ!”

ಆಯಿಯ ಏಟು ಬಿದ್ದದ್ದು ಅದೇ ಕ್ಷಣಕ್ಕೆ. ಕಿವಿ ಗುಂಯ್ ಎಂದಿತು. ಬಸಣ್ಣ ಚಾಚಿದ ಕೈಯನ್ನು ಮಡಚಿಕೊಂಡ. ವರನ ತಂದೆ ಅಪ್ಪನನ್ನು ಕೇಳಿದರು:

“ಏನ್ರಿ ಇದು? ಖರೇನ?”

“ಸಣ್ಣ ಹುಡುಗಿರಿ, ಏನೇನೋ ಅಂತಾಳ” ಎಂದು ಅಪ್ಪ ತಡವರಿಸಿದ. ಆಗ ಅಡಿಗೆಮನೆಯ ಬಾಗಿಲಲ್ಲಿ ಅವ್ವ ಕಾಣಿಸಿದಳು. “ಖರೆ ಐತ್ರಿ” ಎಂದಳು. ಗಂಡಸರ ನಡುವಿನಿಂದಲೇ ನಡೆದು ಹೋಗಿ ಚಿಲಕ ತೆಗೆದಳು. “ಸಿದ್ರಾಮ, ಬಾ.” ಮಾಮಾ ಹೊರಗೆ ಬಂದ. ಅಷ್ಟು ಜನ ತನ್ನನ್ನೇ ನೋಡುತ್ತಿರುವುದನ್ನು ಕಂಡ. ಕಂಡವನೇ ಗೋಡೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತು, ಎರಡೂ ಕೈ ಮೊಣಕಾಲ ಮೇಲಿಟ್ಟು, ತಲೆ ತಗ್ಗಿಸಿಬಿಟ್ಟ. ವರನ ತಂದೆ ಹತ್ತಿರ ಬಂದಾಗ, “ತಪ್ಪಾತ್ರಿ ಸಾಹೇಬ್ರ” ಎಂದ. ಅವನು ಅವತ್ತು ಏನು ತಪ್ಪು ಮಾಡಿದ್ದ? ಹೋಳಿಗೆ ಮಾಡಿದ್ದ.

ಅವ್ವನಿಂದ ಎಲ್ಲ ಕೇಳಿದ ಡಫಳಾಪುರದವರು ಊಟ ಮಾಡಲಿಲ್ಲ. “ಜೇಲಿಗೆ ಹೋಗಿ ಬಂದಾನಂತ ಅಲ್ರಿ, ನೀವು ಸುಳ್ಳ ಹೇಳಿದ್ರಲ್ಲ, ಅದಕ್ಕ” ಎಂದು ವರನ ತಂದೆ ಹೇಳಿ ಹೋದರು. ನಾನು ಅವತ್ತೂ ಅದನ್ನು ನಂಬಲಿಲ್ಲ, ಇವತ್ತೂ ನಂಬುವುದಿಲ್ಲ. ಜೀಪು ಹೋದ ಮೇಲೆ ಅಕ್ಕ ನನ್ನ ಜಡೆ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋದಳು.

“ಯಾರ ಕೇಳಿದ್ರ ನಿನ್ನ? ಅಂವಾನ ಒಪ್ಪಿದ್ದ, ನಾನೂ ಒಪ್ಪಿದ್ದೆ. ನಡಬರಕ ನಿಂದೇನ ಶಾಣ್ಯಾತನ? ನನ್ನ ಮದವಿ ಮುರದಿ, ಸಮಾಧಾನ ಆತೇನ?”

ಅವಳ ಸಿಟ್ಟು ನ್ಯಾಯವಾದದ್ದು. ಅವಳು ಆ ಹುಡುಗನನ್ನು ಇಷ್ಟಪಟ್ಟಿದ್ದಳು. ಮುಂದೆ ಬೇರೆ ಕಡೆ ಮದುವೆಯಾದಳು, ಈಗ ಮೊಮ್ಮಕ್ಕಳಿದ್ದಾರೆ. ಹಾಗಿದ್ದೂ ನಾವಿಬ್ಬರೂ ಫೋನಿನಲ್ಲಿ ಈ ವಿಷಯಕ್ಕೆ ಇನ್ನೂ ಜಗಳಾಡುತ್ತೇವೆ. ಈ ಅಧ್ಯಾಯ ಬರೆಯುತ್ತಿದ್ದೇನೆಂದು ಹೇಳಿದಾಗ, “ಬರಿ, ಬರಿ. ನೀ ಭಾಳ ದೊಡ್ಡಾಕಿ ಅಂತ ಬರಿ. ನಾ ಮೂರ ದಿವಸ ಅತ್ತದ್ದೂ ಬರಿ” ಎಂದಳು. ಬರೆದಿದ್ದೇನೆ ಅಕ್ಕಾ. ಕ್ಷಮೆ ಕೇಳೆಂದರೆ ಮಾತ್ರ ಕೇಳಲಾರೆ. ನಿನ್ನ ಕಣ್ಣೀರಿಗೆ ನನಗೆ ಸಂಕಟವಿದೆ, ಆಡಿದ ಮಾತಿಗಿಲ್ಲ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಎಲ್ಲರನ್ನೂ ಪಡಸಾಲೆಗೆ ಕರೆದ. ಜಮಖಾನೆ ಹಾಸಿದ ಹಾಗೇ ಇತ್ತು. ಆಯಿ ಗೋಡೆಗೆ ಒರಗಿ ಕುಳಿತಿದ್ದಳು, ಅಕ್ಕ ಹಸಿರು ಸೀರೆಯನ್ನು ಇನ್ನೂ ಬದಲಿಸಿರಲಿಲ್ಲ. ಮಾಮಾ ಕಂಬದ ಪಕ್ಕ ನಿಂತಿದ್ದ. ಅಪ್ಪನ ದನಿ ಮೆತ್ತಗಿತ್ತು, ಅವನು ಕೂಗಾಡಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ.

“ಸಿದ್ರಾಮ, ಆಗಿದ್ದಾತು. ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ನನಗ ಇಬ್ರ ಹೆಣ್ಣಮಕ್ಳು. ನಾಳೆ ಮುಂಜಾನಿ ಎಸ್‌ಟಿಗಿ ಎಲ್ಲೆರೆ ಹೋಗಿಬಿಡಪಾ. ಹೋಗ್ತಿ, ಹೌದಲ್ಲ?”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೂಂ ಎನ್ನುತ್ತಾನೆ, ಈಗ ಎನ್ನುತ್ತಾನೆ ಎಂದು ನಾನು ಅವನ ತುಟಿಯನ್ನೇ ನೋಡುತ್ತಿದ್ದೆ. ಒಂದು ಕೈಯಿಂದ ಕಂಬ ಹಿಡಿದುಕೊಂಡ.

“ಒಲ್ಲೆರಿ.”

“ಏನಂದಿ?”

“ಒಲ್ಲೆ ಅಂದೆ, ದಾಜಿ. ನಾ ಹೋಗಂಗಿಲ್ಲ.” ದನಿ ಒಡೆದಿತ್ತು, ಆದರೆ ನಿಲ್ಲಲಿಲ್ಲ. “ನಿನ್ನಿ ನೀವು ಕೇಳ್ದಾಗ ಹೂಂ ಅಂದಿದ್ದೆ, ಖರೆ. ಒಳಗ ಕುಂತಿದ್ದೆ. ಅಯ್ಯನವ್ರು ‘ಹುಡುಗಿ ಮಾಮಾ ಬರ್ರಿ’ ಅಂತ ಕರದದ್ದು ಕೇಳಿಸ್ತು. ನಾ ಎದ್ದ ನಿಂತೆರಿ. ನನ್ನ ಕಾಲ ತಾವ ಎದ್ದ ನಿಂತು. ಅಷ್ಟರಾಗ ಬ್ಯಾರೆದಾಂವ ‘ಬಂದೆ’ ಅಂದ.”

ಅವನು ಅಪ್ಪನನ್ನು ಬಿಟ್ಟು ಅಕ್ಕನ ಕಡೆ ನೋಡಿದ.

“ಬೈರಿ, ಬಡೀರಿ, ಬೇಕಾದ್ದ ಮಾಡ್ರಿ. ಇನ್ನೊಮ್ಮೆ ಹೂಂ ಅನ್ನಾಂವಲ್ಲ ನಾ. ಇವತ್ತ ಮುರೀತು, ನಾಳೆ ಇನ್ನೊಂದ ಕೂಡತೈತಿ. ಅವಾಗ ಕಸ್ತೂರಿ ಕೈ ನಾನ ಹಿಡ್ಯಾಂವ. ನಾ ಅಕೀ ಮಾಮಾ ಅದೀನಿ.”

ಅಕ್ಕ ಆಗ ದೊಡ್ಡ ದನಿಯಲ್ಲಿ ಅಳತೊಡಗಿದಳು. ಅಪ್ಪ ಎದ್ದು ಕಟ್ಟೆಗೆ ಹೋಗಿ ಕುಳಿತ. ಮರುದಿನ ಮುಂಜಾನೆ ಎಸ್‌ಟಿ ಬಂತು, ಎರಡು ಸಲ ಹಾರ್ನ್ ಹೊಡೆಯಿತು, ಹೋಯಿತು. ಮಾಮಾ ನಮ್ಮ ಮನೆಯಲ್ಲೇ ಇದ್ದ.